ಬಿಸಿಯಾದ ಮೇಲೆ ಅಳತೆ

"ಇಷ್ಟು ಎಣ್ಣೆ ಹೋಗೋದಾದರೂ ಎಲ್ಲಿಗೆ?"

ಡೆಲ್ಬರ್ಟ್ ಹಾಫ್ನರ್ ಇದನ್ನು ಯಾರನ್ನೂ ಕೇಳಲಿಲ್ಲ. ಬಾನೆಟ್ಟಿನ ಕೆಳಗೆ ತಲೆಯಿಟ್ಟು, ಓಡುತ್ತಿದ್ದ ಎಂಜಿನ್ನಿನ ಸದ್ದಿನೊಳಕ್ಕೆ ಕೇಳಿದ. ಎಡಗೈಯಲ್ಲಿ ಗೇರ್‌ಬಾಕ್ಸಿನ ಅಳತೆ ಕಡ್ಡಿ, ಬಲಗೈಯಲ್ಲಿ ಭೂತಗನ್ನಡಿ. ಕಡ್ಡಿಗೆ ಹತ್ತಿದ ಕೆಂಪು ಎಣ್ಣೆ ಮೇಲಿನ ಗೆರೆಗಿಂತ ಅರ್ಧ ಬೆರಳು ಕೆಳಗೇ ನಿಂತಿತ್ತು. ಹೋದ ಶನಿವಾರವೂ ಹೀಗೇ ಇತ್ತು. ಅರ್ಧ ಬಾಟಲಿ ಹಾಕಿ ಸರಿಮಾಡಿದ್ದ. ಕಾರಿನಡಿ ಹಾಸಿದ್ದ ರಟ್ಟನ್ನು ಕಾಲಿನಿಂದ ಎಳೆದು ನೋಡಿದ. ಒಂದು ಹನಿಯೂ ಬಿದ್ದಿರಲಿಲ್ಲ.

ಊರಿನ ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವನು ಅವನು. ಅಲ್ಲಿ ತಯಾರಾದ ಗೇರ್‌ಬಾಕ್ಸೇ ಈ ಕಾರಿನ ಹೊಟ್ಟೆಯಲ್ಲೂ ಇತ್ತು. ಬೇರೆ ಕಾರುಗಳಲ್ಲಿ ಗೇರಿನ ಹಿಡಿಕೆಯನ್ನು ಪಾರ್ಕಿನಲ್ಲಿಟ್ಟು, ಎಂದರೆ ಚಕ್ರ ಉರುಳದ ಹಾಗೆ ಬಿಗಿದು, ಎಣ್ಣೆ ನೋಡುತ್ತಾರೆ. ಇದರಲ್ಲಿ ನ್ಯೂಟ್ರಲ್ಲಿನಲ್ಲೇ ನೋಡಬೇಕು, ಎಂಜಿನ್ ಓಡುತ್ತಿರಬೇಕು, ಎಣ್ಣೆ ಚೆನ್ನಾಗಿ ಬಿಸಿಯಾಗಿರಬೇಕು. ಇಂಡಿಯಾನಾದ ಚಳಿಗಾಲದ ರಸ್ತೆಗಳ ಉಪ್ಪು ಹ್ಯಾಂಡ್‌ಬ್ರೇಕಿನ ತಂತಿಯನ್ನು ಎಂದೋ ತಿಂದುಹಾಕಿದ್ದರಿಂದ ಯಾರಾದರೂ ಒಳಗೆ ಕೂತು ಬ್ರೇಕ್ ತುಳಿದಿರಬೇಕು. ಆ ಯಾರಾದರೂ ಎಂದರೆ ಅವನ ಹೆಂಡತಿ ವರ್ಲೀನ್. ಮದುವೆಯಾದ ವರ್ಷದಿಂದ, ಎಷ್ಟೋ ಕಾರು ಬದಲಾದರೂ, ಶನಿವಾರ ಬೆಳಿಗ್ಗೆ ಅವಳು ಒಂಬತ್ತು ಮೈಲಿ ದೂರದ ಮೆಕ್ಕೆಜೋಳದ ಗೋದಾಮಿನವರೆಗೆ ಕಾರು ಓಡಿಸಿ ಬಿಸಿ ಮಾಡಿ ತರುವುದು, ಅಷ್ಟರಲ್ಲಿ ಅವನು ಆಲಿಕೆ ತೊಳೆದು ಹಳೇ ಬನಿಯನ್ ಬಟ್ಟೆ ಹರಡಿಕೊಂಡು ನಿಲ್ಲುವುದು. ಮರುದಿನ ಚರ್ಚಿಗೆ ಹೋಗುವ ಕಾರು ತಪ್ಪೊಪ್ಪಿಕೊಂಡ ಮನಸ್ಸಿನ ಹಾಗೆ ಹಗುರಾಗಿರಬೇಕು ಎಂಬುದು ಅವನ ಮಾತು.

ಅರ್ಧ ಬಾಟಲಿ ಹೊಯ್ದು ಅವನು ನೆಟ್ಟಗೆ ನಿಂತ. ಹಿಂದೆ ಶೆಡ್ಡಿನ ಕೆಲಸದ ಮೇಜು, ಮುಂದೆ ಕಾರಿನ ಮೂತಿ. ನಡುವೆ ಒಬ್ಬ ಮನುಷ್ಯನಿಗಾಗುವಷ್ಟು ಜಾಗ.

"ಪಾರ್ಕ್," ಎಂದು ಕೂಗಿದ.

"ಪಾರ್ಕ್," ಎಂದಳು ವರ್ಲೀನ್ ಒಳಗಿನಿಂದ.

"ರಿವರ್ಸ್."

"ರಿವರ್ಸ್."

ಪಾದ್ರಿ ಒಂದು ಸಾಲು ಹೇಳಿ ಸಭೆ ಒಂದು ಸಾಲು ಹೇಳುವ ಹಾಗೆ ಹಿಡಿಕೆ ಒಂದೊಂದೇ ಮನೆ ದಾಟುತ್ತಿತ್ತು. ಎಣ್ಣೆ ಗೇರ್‌ಬಾಕ್ಸಿನ ಮೂಲೆಮೂಲೆಗೂ ಹೋಗಬೇಕಾದರೆ ಹೀಗೆ ಮಾಡಲೇಬೇಕು.

"ಡ್ರೈವ್."

"ಡ್ರೈವ್," ಎಂದಳು. ಕಾರು ಒಂದು ಕ್ಷಣ ಸುಮ್ಮನಿದ್ದು ಮುಂದಕ್ಕೆ ಒದ್ದುಕೊಂಡಿತು. ಬಂಪರ್ ಡೆಲ್ಬರ್ಟನ ಮೊಣಕಾಲಿಗೆ ತಗುಲಿ ಅವನು ಮೇಜಿಗೆ ಒರಗಿಬಿದ್ದ. ಮೊಳೆಗಳ ಗಾಜಿನ ಜಾಡಿ ಉರುಳಿ ಒಡೆಯಿತು. ಅಷ್ಟರಲ್ಲಿ ಕಾರು ನಿಂತಿತ್ತು.

"ಬ್ರೇಕ್ ತುಳಿದಿದ್ದೀಯಾ, ವರ್ಲೀನ್?"

ಅವಳು ಬಗ್ಗಿ ತನ್ನ ಪಾದವನ್ನು ನೋಡಿದಳು. ನೋಡಿದ ಮೇಲೆ ಹೇಳಿದಳು. "ತುಳಿದಿದ್ದೀನಿ."

"ಹಾಗಾದರೆ ಗೇರೇ ತಡವಾಗಿ ಹಿಡೀತಿದೆ. ಎಣ್ಣೆ ಕಮ್ಮಿಯಾದಾಗ ಇದೇ ಕತೆ. ಹಿಡಿಯಲ್ಲ, ಹಿಡಿಯಲ್ಲ, ಆಮೇಲೆ ಕತ್ತೆ ಥರ ಒದೀತದೆ." ಅವನು ಮೊಣಕಾಲು ಉಜ್ಜಿಕೊಂಡ. "ಎಲ್ಲೋ ಹೋಗ್ತಿದೆ ಎಣ್ಣೆ. ಹುಡುಕ್ತೀನಿ."

ವರ್ಲೀನ್ ಪೊರಕೆ ತಂದು ಗಾಜು ಗುಡಿಸಿದಳು. ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಕಾಫಿ ಡಬ್ಬಿಗೆ ಹಾಕಿದಳು. ಎಂಬತ್ತಕ್ಕೆ ನಾಲ್ಕು ಕಮ್ಮಿ ಇರುವ ಹೆಂಗಸು ಗಾಜಿನ ನಡುವೆ ಪಾದ ಎಲ್ಲಿಡುತ್ತಾಳೆ ಎಂದು ಯಾರು ಗಮನಿಸುತ್ತಾರೆ.

ಆ ದಿನ ಮಧ್ಯಾಹ್ನ ಅವಳು ಬೂಟು ಕಾಲ್ಚೀಲ ಕಳಚುವಾಗ ಬಲ ಕಾಲ್ಚೀಲದೊಳಗಿಂದ ಒಣಗಿದ ಹುರುಳಿಕಾಯಿ ಬೀಜವೊಂದು ನೆಲಕ್ಕೆ ಬಿತ್ತು. ಬೆಳಿಗ್ಗೆ ಸೂಪಿಗೆ ಬೀಜ ಆರಿಸುವಾಗ ಬಿದ್ದದ್ದು. ಬೆಳಗಿನಿಂದ ಅದರ ಮೇಲೆ ನಡೆದಿದ್ದಳು. ಅಂಗಾಲಿನಲ್ಲಿ ಬೀಜದ ಅಚ್ಚು ಗುಳಿಬಿದ್ದಿತ್ತು. ಅವಳು ಗುಳಿಯನ್ನು ಬೆರಳಿನಿಂದ ಒತ್ತಿದಳು. ಬೆರಳಿಗೆ ಗೊತ್ತಾಯಿತು, ಕಾಲಿಗೆ ಗೊತ್ತಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಸಕ್ಕರೆ ಕಾಯಿಲೆಯ ಡಾಕ್ಟರು ಅವಳಿಗೆ ಕಣ್ಣು ಮುಚ್ಚಲು ಹೇಳಿ ಅಂಗಾಲಿಗೆ ನೈಲಾನ್ ಎಳೆ ಮುಟ್ಟಿಸಿ "ಗೊತ್ತಾಗ್ತಿದೆಯಾ?" ಎಂದು ಕೇಳಿದ್ದರು. ಅವರ ತೋಳಿನ ಬಟ್ಟೆ ಸರಿದ ಸದ್ದು ಕೇಳಿದಾಗಲೆಲ್ಲ ಅವಳು "ಹೂಂ" ಅಂದಿದ್ದಳು. ಹತ್ತಕ್ಕೆ ಎಂಟು ಸರಿ ಬಂದಿದ್ದವು.

*

ರಾತ್ರಿ ಊಟಕ್ಕೆ ಆಲೂಗಡ್ಡೆ ಮುದ್ದೆಯ ಮೇಲೆ ಕೋಳಿ ಸಾರಿನ ನೂಡಲ್ಸ್. ಊಟಕ್ಕೆ ಮುಂಚೆ ಬೈಬಲಿನ ಕೀರ್ತನೆ ಹೇಳುವುದು ಆ ಮನೆಯ ಪದ್ಧತಿ. ಪುಸ್ತಕ ತೆಗೆಯುವಂತಿಲ್ಲ, ಒಬ್ಬರು ಬಿಟ್ಟ ಕಡೆಯಿಂದ ಮುಂದಿನವರು ಎತ್ತಿಕೊಳ್ಳಬೇಕು. ಡೆಲ್ಬರ್ಟ್ ಶುರುಮಾಡಿದ. ಮಗಳು ರೋಂಡಾ ಎರಡನೇ ಸಾಲನ್ನು ಆಕಳಿಸುತ್ತ ಹೇಳಿದಳು. ಶಾಲೆಯ ಅಡುಗೆಮನೆಯಲ್ಲಿ ಅವಳ ದಿನ ಬೆಳಗಿನ ಐದಕ್ಕೆ ಶುರುವಾಗುತ್ತದೆ. ಗಂಡನಿಂದ ಬೇರೆಯಾಗಿ ನಾಲ್ಕು ವರ್ಷದ ಹಿಂದೆ ಮಗಳು ಶೆಲ್ಬಿಯನ್ನು ಕರೆದುಕೊಂಡು ತವರಿಗೆ ಬಂದವಳು ಅವಳು. ಹಲ್ಲಿನ ಡಾಕ್ಟರ ಬಳಿ ಕೆಲಸ ಕಲಿಯುತ್ತಿದ್ದ ಶೆಲ್ಬಿ ಮೂರನೆಯದನ್ನು ಒಂದೇ ಉಸಿರಿಗೆ ಮುಗಿಸಿದಳು. ನಾಲ್ಕನೆಯದು, ಕಾಲಿನ ಮಾತು ಬರುವ ಸಾಲು, ವರ್ಲೀನಳ ಪಾಲಿಗೆ ಬಂತು. ಅವಳು ತಡವರಿಸಿದಳು. ಡೆಲ್ಬರ್ಟ್ ತಾನೇ ಹೇಳಿ ಮುಗಿಸಿದ.

ಓವನ್ನಿನಲ್ಲಿ ಬನ್ನಿನ ತಟ್ಟೆ ಇತ್ತು. ಅವನು ಬಟ್ಟೆ ಹಿಡಿಯದೆ ಬರಿಗೈಯಲ್ಲೇ ಎತ್ತಿ ಮೇಜಿನ ಮೇಲಿಟ್ಟ.

"ತಾತ," ಎಂದಳು ಶೆಲ್ಬಿ, "ಒಂದಿನ ಆ ಕೈನೇ ಬೇಯಿಸಿ ಬಡಿಸ್ತೀಯ."

"ಬಿಸಿ ಗೇರ್‌ಬಾಕ್ಸು ಎತ್ತಿ ಎತ್ತಿ ಈ ಬೆರಳು ಸತ್ತು ಇಪ್ಪತ್ತು ವರ್ಷ ಆಯ್ತು, ಮರಿ. ಸತ್ತಿದ್ದನ್ನ ಮತ್ತೆ ಬೇಯಿಸೋಕೆ ಆಗಲ್ಲ."

"ಮೊಣಕಾಲಿಗೇನಾಯ್ತು?" ರೋಂಡಾ ಕೇಳಿದಳು. "ಕುಂಟ್ತಿದ್ದೀಯಲ್ಲ."

"ಕಾರು ಸ್ವಲ್ಪ ಮುಂದೆ ಬಂತು. ಎಣ್ಣೆ ಕಮ್ಮಿ."

"ಆ ಕಾರಿಗೆ ವಯಸ್ಸಾಯ್ತಪ್ಪ. ನನ್ನ ಕಾರು ನೋಡು, ಎಣ್ಣೆ ನೋಡೋ ಕಡ್ಡಿನೇ ಇಲ್ಲ. ಕಂಪನಿಯವರೇ ಮುಚ್ಚಿ ಕಳಿಸ್ತಾರೆ."

"ಕಡ್ಡಿ ಇಲ್ಲದ ಕಾರು ನಾಡಿ ಇಲ್ಲದ ಮನುಷ್ಯ."

"ನಾಡಿ ಇಲ್ಲದೇ ಇದ್ರೂ ಬೆಳಿಗ್ಗೆ ನಾಲ್ಕೂವರೆಗೆ ಹೊರಡತ್ತೆ. ಯಾರನ್ನೂ ಒದೆಯಲ್ಲ." ಅವಳು ನೂಡಲ್ಸ್ ಬಡಿಸಿಕೊಂಡಳು. "ಹೋದ ವಸಂತದಲ್ಲೇ ಹೇಳಿದ್ದೆ. ನಿನ್ನ ಕಣ್ಣು ಹೋಯ್ತು, ಲೈಸೆನ್ಸ್ ವಾಪಸ್ ಕೊಟ್ಟೆ. ಅಮ್ಮ ಓಡಿಸೋವರೆಗೆ ಓಡಿಸಲಿ. ಅವಳ ಕೈಲೂ ಆಗಲ್ಲ ಅಂದ ದಿನ ಆ ಕಾರು ಈ ಮನೇಲಿರಲ್ಲ. ಅವತ್ತು ಇಬ್ಬರೂ ಹಟ ಮಾಡಬಾರದು."

"ಅಮ್ಮನಿಗೇನಾಗಿದೆ?" ಎಂದ ಡೆಲ್ಬರ್ಟ್. "ಪ್ರತಿ ಬುಧವಾರ ಓಪಲ್‌ನ ನೋಡೋಕೆ ಹೋಗಿ ಬರ್ತಾಳೆ."

ಓಪಲ್ ವರ್ಲೀನಳ ಅಕ್ಕ, ಹನ್ನೆರಡು ಮೈಲಿ ಆಚೆಯ ವೃದ್ಧಾಶ್ರಮದಲ್ಲಿದ್ದಳು. ಎರಡು ಬುಧವಾರದಿಂದ ವರ್ಲೀನ್ ಮನೆಯಿಂದ ಹೊರಟು, ದಾರಿಯಲ್ಲೇ ಕಾರು ನಿಲ್ಲಿಸಿ, ಅಕ್ಕನಿಗೆ ಫೋನು ಮಾಡಿ ನೆಗಡಿ ಎಂದು ಹೇಳುತ್ತಿದ್ದಳು.

"ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಕೇಳಿ ವರ್ಲೀನ್ ಯಾರ ಉತ್ತರಕ್ಕೂ ಕಾಯದೆ ಎಲ್ಲರ ತಟ್ಟೆಗೂ ಸಾರು ಹೊಯ್ದಳು.

*

ಮುಂದಿನ ಶನಿವಾರ ಅವಳು ಗೋದಾಮಿನ ಕಡೆಗೇ ತಿರುಗಿದಳು. ಡೆಲ್ಬರ್ಟ್ ಕೈ ಬೀಸುತ್ತ ನಿಂತಿದ್ದ. ಎಣ್ಣೆ ಕಮ್ಮಿ ಕಂಡ ಮೊದಲ ವಾರ ಅವಳು ಹೊಳೆಯ ಸೇತುವೆಯಿಂದ ವಾಪಸು ಬಂದಿದ್ದಳು. ಎರಡನೇ ವಾರ ಚರ್ಚಿನ ಬಯಲಲ್ಲಿ ಕಾಲು ಗಂಟೆ ಎಂಜಿನ್ ಓಡಿಸಿಕೊಂಡು ಕೂತಿದ್ದಳು. ಈ ವಾರ ಮೂಲೆ ತಿರುಗಿ, ಮುಚ್ಚಿಹೋದ ಬಟ್ಟೆ ಅಂಗಡಿಯ ಹಿಂದೆ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೀರಿಂಗ್ ಹಿಡಿದು ಗಡಿಯಾರ ನೋಡುತ್ತ ಕೂತಳು. ಬಾಯಲ್ಲಿ ಕೀರ್ತನೆಯ ಸಾಲುಗಳು ಬರುತ್ತಿದ್ದವು. ನಾಲ್ಕನೆಯದರ ಹತ್ತಿರ ಬಂದಾಗ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಮನೆಗೆ ಬಂದಾಗ ಡೆಲ್ಬರ್ಟ್ ಕಡ್ಡಿ ಎಳೆದ. ಎಣ್ಣೆ ಇನ್ನೂ ಕೆಳಗಿತ್ತು. ಬಾಟಲಿ ತೆರೆದ.

"ಹಾಕಬೇಡ," ಎಂದಳು ಅವಳು ಕಿಟಕಿಯಿಂದ.

"ಯಾಕೆ?"

ಅವಳು ಬಾಯಿ ತೆರೆದಳು. "ವಾರ ವಾರ ಹಾಕ್ತಿದ್ದೀಯ ಅಂತ."

"ಕಡ್ಡಿ ಸುಳ್ಳು ಹೇಳಲ್ಲ, ವರ್ಲೀನ್."

ಅವತ್ತು ಡ್ರೈವ್ ಎಂದು ಕೂಗಿದಾಗ ಅವಳು ಎಡಗಾಲನ್ನೂ ಬಲಗಾಲಿನ ಮೇಲಿಟ್ಟು, ಎರಡನ್ನೂ ನೋಡುತ್ತ, ಎರಡರಲ್ಲೂ ತುಳಿದಳು. ಕಾರು ಅಲುಗಲಿಲ್ಲ.

"ನೋಡಿದೆಯಾ?" ಎಂದ ಡೆಲ್ಬರ್ಟ್ ಕೈ ಒರೆಸಿಕೊಳ್ಳುತ್ತ. "ಎಣ್ಣೆನೇ ಬೇಕಿತ್ತು."

*

ಗುರುವಾರ ಇಪ್ಪತ್ತು ಮೈಲಿ ಆಚೆಯ ಚರ್ಚೊಂದರಲ್ಲಿ ಸಾವಿನ ಊಟವಿತ್ತು. ದೊಡ್ಡ ತಟ್ಟೆಗಳು ತನ್ನ ಕಾರಿನಲ್ಲಿ ಹಿಡಿಯುವುದಿಲ್ಲವೆಂದು ರೋಂಡಾ ಅಪ್ಪನ ಕಾರು ತೆಗೆದುಕೊಂಡು, ಶೆಲ್ಬಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆದ್ದಾರಿಯಲ್ಲಿ ಹೊರಟಳು. ಅರ್ಧ ದಾರಿಯಲ್ಲಿ ಎಂಜಿನ್ ಕಿರುಚಿತು, ಕಾರು ಮುಂದೆ ಹೋಗಲೊಲ್ಲದು. ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಬಂತು. ಹಿಂದೆ ಬರುತ್ತಿದ್ದ ಲಾರಿ ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯಿತು.

ಸಂಜೆ ಅವಳು ಕೋಟು ಬಿಚ್ಚದೆ ಅಡುಗೆಮನೆಗೆ ಬಂದಳು. ಡೆಲ್ಬರ್ಟ್ ಹುರುಳಿಕಾಯಿ ಬೀಜದ ಸೂಪಿಗೆ ಜೋಳದ ರೊಟ್ಟಿ ಮುರಿದು ಹಾಕಿಕೊಳ್ಳುತ್ತಿದ್ದ.

"ಗ್ಯಾರೇಜಿನವನು ಏನಂದ ಗೊತ್ತಾ ಅಪ್ಪ? ಒಂದು ಬಾಟಲಿಗೂ ಮೇಲೆ ಜಾಸ್ತಿ ಇದೆಯಂತೆ. ಕಮ್ಮಿ ಅಲ್ಲ, ಜಾಸ್ತಿ. ಬಿಸಿಯಾಗಿ ನೊರೆ ಬಂದು ಕೊಳವೆಯಿಂದ ಉಕ್ಕಿ ಸೈಲೆನ್ಸರ್ ಮೇಲೆ ಸುರಿದಿದೆ."

"ಸಾಧ್ಯ ಇಲ್ಲ."

"ತೆಗೆದು ಡಬ್ಬಿಗೆ ಹಿಡಿದು ತೋರಿಸಿದ. ಗುಲಾಬಿ ಬಣ್ಣದ ನೊರೆ. ಸ್ಟ್ರಾಬೆರಿ ಹಾಲಿದ್ದ ಹಾಗೆ."

"ನಾನು ಕಡ್ಡಿ ನೋಡೇ ಹಾಕಿದ್ದು. ಮೂರು ಸಲವೂ."

"ಮೂರು ಸಲನಾ? ಐದು ಸಲನಾ? ನಿನಗೆ ನೆನಪಿದೆಯಾ?"

ಡೆಲ್ಬರ್ಟ್ ಚಮಚ ಕೆಳಗಿಟ್ಟ.

"ಅಮ್ಮಾ," ಎಂದಳು ಶೆಲ್ಬಿ ಮೆಲ್ಲಗೆ, "ಕೋಟು ಬಿಚ್ಚು. ಊಟ ಮಾಡು ಮೊದಲು."

"ಲಾರಿ ಎಷ್ಟು ಹತ್ತಿರ ಬಂತು ನೀನೇ ಹೇಳು ತಾತನಿಗೆ." ರೋಂಡಾಳ ದನಿ ಒಡೆಯಿತು. "ನಾನು ಜಗಳ ಆಡ್ತಿಲ್ಲಪ್ಪ. ಹಾಕಿದ್ದನ್ನ ಮರೆತು ಮತ್ತೆ ಹಾಕಿದ್ದೀಯ. ವಯಸ್ಸಾದೋರಿಗೆ ಆಗೋದೇ. ಬರೋ ಮಂಗಳವಾರ ಡಾಕ್ಟರ ಹತ್ರ ನೆನಪಿನ ಪರೀಕ್ಷೆ ಮಾಡಿಸ್ಕೋ. ಅಷ್ಟೇ ನಾನು ಕೇಳೋದು."

ಡೆಲ್ಬರ್ಟ್ ಕಣ್ಣು ಮುಚ್ಚಿ, ಆ ದಿನದ ಕೀರ್ತನೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹೇಳಿದ. ಅದು ಮುಗಿದ ಮೇಲೆ ಅದರ ಮುಂದಿನದನ್ನು, ಅದರ ಮುಂದಿನದನ್ನು. ಒಂದು ಪದವೂ ತಪ್ಪಲಿಲ್ಲ. ಸೂಪು ಆರಿತು.

"ಅದು ಹಳೇದಪ್ಪ," ಎಂದಳು ರೋಂಡಾ. "ಹಳೇದು ಯಾರಿಗೂ ಮರೆಯಲ್ಲ. ಹೋದ ವಾರದ್ದು ಮರೆಯೋದು."

ವರ್ಲೀನ್ ಒಲೆಯ ಕಡೆ ಮುಖ ಮಾಡಿ ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜುತ್ತಿದ್ದಳು.

"ನೀನಾದ್ರೂ ಹೇಳಮ್ಮ."

"ಏನು ಹೇಳಲಿ?"

"ಪ್ರತಿ ಶನಿವಾರ ಜೊತೇಲಿರೋಳು ನೀನು. ಎಷ್ಟು ಹಾಕಿದ ಅಂತ ನೋಡಿಲ್ವಾ?"

"ನಾನು ಒಳಗೆ ಕೂತಿರ್ತೀನಿ," ಎಂದಳು ವರ್ಲೀನ್. "ಒಳಗಿಂದ ಕಾಣಲ್ಲ."

*

ಆ ಶನಿವಾರ ಗ್ಯಾರೇಜಿನಲ್ಲೇ ಇದ್ದ ಕಾರು ಮಂಗಳವಾರ ವಾಪಸು ಬಂತು. ಗ್ಯಾರೇಜಿನವನು ಎಣ್ಣೆಯನ್ನು ಗೆರೆಗೆ ಸರಿಯಾಗಿ ತಂದು ಕೊಟ್ಟಿದ್ದ. ಅವತ್ತೇ ಡಾಕ್ಟರಿಗೆ ಜ್ವರವೆಂದು ಪರೀಕ್ಷೆ ಮುಂದಿನ ಮಂಗಳವಾರಕ್ಕೆ ಹೋಯಿತು. ಡೆಲ್ಬರ್ಟ್ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡಲು ಶುರುಮಾಡಿದ: ಹಾಲು ತಂದೆ. ಕಸ ಹೊರಗಿಟ್ಟೆ. ಮಾತ್ರೆ ತಗೊಂಡೆ, ಎಂಟು ಗಂಟೆ. ಬರೆದಮೇಲೆ ಒಳಗೆ ಬಂದು ಮಾತ್ರೆಯ ಡಬ್ಬಿ ತೆರೆದು ಎಣಿಸುತ್ತಿದ್ದ. ಮತ್ತೆ ಹೊರಗೆ ಹೋಗಿ ಗೋಡೆ ಓದುತ್ತಿದ್ದ.

ಬುಧವಾರ ವರ್ಲೀನ್ ಕೇಳಿದಳು, "ಇದೆಲ್ಲ ಯಾಕೆ?"

"ಒಂದು ಮಾತು ಹೇಳ್ತೀನಿ, ರೋಂಡಾಗೆ ಹೇಳಬೇಡ." ಅವನು ಸೀಮೆಸುಣ್ಣವನ್ನು ಕೈಯಲ್ಲಿ ಉರುಳಿಸಿದ. "ಮೂರು ಸಲ ಹಾಕಿದ್ದು ನೆನಪಿದೆ. ಅದಕ್ಕಿಂತ ಜಾಸ್ತಿ ಹಾಕಿದ್ದು ನೆನಪಿಲ್ಲ. ಆದರೆ ಮರೆತೋನಿಗೆ ಮರೆತಿದ್ದು ನೆನಪಿರಲ್ವಲ್ಲ. ಹೆಂಗೆ ಗೊತ್ತಾಗಬೇಕು ನಂಗೆ?"

ಅವಳು ಅವನ ಅಂಗಿಯ ತೋಳಿಗೆ ಹತ್ತಿದ ಸುಣ್ಣ ಕೊಡವಿದಳು. "ಊಟಕ್ಕೆ ಬಾ," ಎಂದಳು.

ಶುಕ್ರವಾರ ಅವಳು ಡಬ್ಬಲ್ ಸಕ್ಕರೆ ಹಾಕಿ ಕೆನೆಯ ಪೈ ಮಾಡಿದಳು. ಅವನಿಗೆ ಇಷ್ಟವಾದದ್ದು, ತಾನು ತಿನ್ನುವಂತಿಲ್ಲದ್ದು. ಅವನು ಎರಡು ತುಂಡು ತಿಂದು, "ನಾಳೆ ಕಡ್ಡಿ ನೋಡೋಣ," ಎಂದ. "ರೋಂಡಾ, ನೀನೂ ಇರು. ಶೆಲ್ಬಿನೂ ಇರಲಿ. ಗೆರೆಗೆ ಸರಿಯಾಗಿ ಇರಬೇಕು. ಇಲ್ಲ ಅಂದ್ರೆ ಮಂಗಳವಾರ ಆ ಪರೀಕ್ಷೆಗೆ ನಾನೇ ಬರ್ತೀನಿ, ಇನ್ಮೇಲೆ ಬಾನೆಟ್ ಮುಟ್ಟಲ್ಲ."

"ಸರಿ," ಎಂದಳು ರೋಂಡಾ.

*

ಶನಿವಾರ ಬೆಳಿಗ್ಗೆ ಹಿಮ ತೆಳ್ಳಗೆ ಬಿದ್ದಿತ್ತು. ವರ್ಲೀನ್ ಕಾರು ತೆಗೆದುಕೊಂಡು ಹೋಗಿ ನಲವತ್ತು ನಿಮಿಷದ ಮೇಲೆ ಬಂದಳು. ಮೂತಿ ಶೆಡ್ಡಿನೊಳಗೆ, ಬಾಲ ಹೊರಗೆ, ಎಂದಿನ ಜಾಗದಲ್ಲೇ ನಿಲ್ಲಿಸಿದಳು. ಎಂಜಿನ್ ಓಡುತ್ತಿತ್ತು. ಡೆಲ್ಬರ್ಟ್ ಮೇಜಿಗೂ ಕಾರಿಗೂ ನಡುವೆ ನಿಂತು ಬಾನೆಟ್ ಎತ್ತಿದ. ಬಟ್ಟೆ, ಆಲಿಕೆ, ಭೂತಗನ್ನಡಿ. ರೋಂಡಾ ಗೋಡೆಗೊರಗಿ ಕಾಫಿ ಕುಡಿಯುತ್ತ ಸೀಮೆಸುಣ್ಣದ ಸಾಲುಗಳನ್ನು ಓದಿದಳು. ಓದಿ ಮುಖ ತಿರುಗಿಸಿದಳು.

ಅವನು ಕಡ್ಡಿ ಎಳೆದ, ಒರೆಸಿದ, ಮತ್ತೆ ಇಳಿಸಿ ಎಳೆದ. ಬಹಳ ಹೊತ್ತು ನೋಡಿದ.

"ಎಷ್ಟಿದೆ ತಾತ?"

"ನೀನು ನೋಡು ಮರಿ. ನನ್ನ ಕಣ್ಣು..."

ಶೆಲ್ಬಿ ಕಡ್ಡಿ ಇಸಿದುಕೊಂಡಳು. "ಕೆಳಗಿದೆ. ಅರ್ಧ ಬೆರಳು ಕೆಳಗಿದೆ."

"ಗ್ಯಾರೇಜಿನವನು ಸರಿಯಾಗಿ ಕೊಟ್ಟು ನಾಲ್ಕು ದಿನ ಆಗಿಲ್ಲ," ಎಂದಳು ರೋಂಡಾ. "ಅಪ್ಪ, ನೀನೇನಾದ್ರೂ ತೆಗೆದೆಯಾ?"

"ನಾನು ಮುಟ್ಟಿಲ್ಲ." ಅವನು ಗೋಡೆಯ ಕಡೆ ನೋಡಿದ. "ಮುಟ್ಟಿದ್ರೆ ಬರೆದಿರ್ತಿದ್ದೆ."

ಶೆಲ್ಬಿ ಕಡ್ಡಿಯ ತುದಿಯನ್ನು ಬೆರಳಲ್ಲಿ ಹಿಡಿದಿದ್ದಳು. ಎಣ್ಣೆಯನ್ನು ಹೆಬ್ಬೆರಳಿನಿಂದ ತಿಕ್ಕಿದಳು.

"ತಾತ, ಇದು ಸುಡೋ ಹಾಗಿರಬೇಕು ಅಲ್ವಾ?"

"ಮುಟ್ಟಿದ್ರೆ ಕೈ ಕಿತ್ತುಕೋಬೇಕು. ಹದಿನೆಂಟು ಮೈಲಿ ಓಡಿದೆ."

"ಬೆಚ್ಚಗೂ ಇಲ್ಲ."

ಡೆಲ್ಬರ್ಟ್ ತಾನೂ ಮುಟ್ಟಿದ. ಅವನ ಬೆರಳಿಗೆ ಬಿಸಿಯೂ ಒಂದೇ, ತಣ್ಣಗೂ ಒಂದೇ. ಮೊಮ್ಮಗಳ ಮುಖ ನೋಡಿದ, ಕಾರಿನ ಗಾಜಿನಾಚೆ ಹೆಂಡತಿಯ ಮುಖ ನೋಡಿದ. ಆಮೇಲೆ ಅವನ ಭುಜ ಇಳಿಯಿತು.

"ತಣ್ಣಗಿನ ಎಣ್ಣೆ ಕೆಳಗೇ ತೋರಿಸ್ತದೆ," ಎಂದ ತನ್ನಷ್ಟಕ್ಕೆ. "ಎಲ್ಲ ಸಲವೂ ತಣ್ಣಗಿದ್ದಾಗಲೇ ನೋಡಿದ್ದೀನಿ. ಗೋದಾಮಿಗೆ ಹೋಗಿ ಬಾ ಅಂತ ಕಳಿಸೋದೇ ಮರೆತಿದ್ದೀನಿ." ರೋಂಡಾಳ ಕಡೆ ತಿರುಗಿದ. "ಇವತ್ತು ಕಳಿಸಿದೆ ಅಂದ್ಕೊಂಡಿದ್ದೆ. ಕಳಿಸಿದ್ದೆನಾ?"

ರೋಂಡಾ ಕಾಫಿ ಲೋಟ ಮೇಜಿನ ಮೇಲಿಟ್ಟಳು. "ಇರಲಿ ಬಿಡಪ್ಪ," ಎಂದಳು. ಅಷ್ಟು ಮೃದುವಾಗಿ ಅವಳು ಆ ಮನೆಯಲ್ಲಿ ಮಾತಾಡಿ ವರ್ಷಗಳಾಗಿದ್ದವು. "ಮಂಗಳವಾರ ನಾನೂ ರಜ ಹಾಕ್ತೀನಿ."

ಎಂಜಿನ್ ನಿಂತಿತು.

ವರ್ಲೀನ್ ಬಾಗಿಲು ತೆರೆದು, ಬಾಗಿಲನ್ನೇ ಹಿಡಿದು ಇಳಿದಳು. ಬಲಗಾಲಿನ ಬೂಟು ಬಿಚ್ಚಿ ಕಾಲ್ಚೀಲ ಎಳೆದಳು. ಹಿಮ್ಮಡಿಯ ಹತ್ತಿರ ಹಳೆಯ ರಕ್ತ ಕಪ್ಪಾಗಿ ಅಂಟಿತ್ತು, ಅದರ ನಡುವೆ ಗಾಜಿನ ಚೂರೊಂದು ಮಿನುಗುತ್ತಿತ್ತು. ಒಡೆದ ಜಾಡಿಯ ಗಾಜು, ಗುಡಿಸಿದ್ದರಲ್ಲಿ ಶೆಡ್ಡಿನ ನೆಲದ ಮೇಲೆ ಉಳಿದುಹೋಗಿದ್ದದ್ದು.

"ಕಳಿಸಿದ್ದೆ," ಎಂದಳು ಗಂಡನಿಗೆ. "ನಾಲ್ಕು ಸಲವೂ ನೀನು ಕಳಿಸಿದ್ದೆ. ನಾನು ಹೋಗಲಿಲ್ಲ. ಒಂದ್ಸಲ ಸೇತುವೆಯಿಂದ ವಾಪಸು ಬಂದೆ, ಆಮೇಲೆ ಚರ್ಚಿನ ಬಯಲಲ್ಲೋ ಬಟ್ಟೆ ಅಂಗಡಿ ಹಿಂದೆನೋ ನಿಲ್ಲಿಸ್ಕೊಂಡು ಕೂತಿದ್ದೆ. ಈ ಕಾಲಿಗೆ ಏನೂ ಗೊತ್ತಾಗಲ್ಲ ಡೆಲ್ಬರ್ಟ್. ಬ್ರೇಕ್ ಮೇಲಿದೆಯಾ ಪಕ್ಕದಲ್ಲಿದೆಯಾ ಅಂತ ಬಗ್ಗಿ ನೋಡಬೇಕು. ಅವತ್ತು ನಿನಗೆ ಗುದ್ದಿದ್ದು ಗೇರಲ್ಲ. ನಾನು."

ಶೆಲ್ಬಿ ಮಂಡಿಯೂರಿ ಅಜ್ಜಿಯ ಪಾದವನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡಳು.

"ಅಮ್ಮ," ಎಂದಳು ರೋಂಡಾ, "ಇಷ್ಟು ದಿನ ಅಪ್ಪನ್ನ ನಾನು... ನೀನು ಅಲ್ಲೇ ನಿಂತು ಪಾತ್ರೆ ಉಜ್ತಿದ್ದೆ."

"ಹೌದು. ಉಜ್ತಿದ್ದೆ."

ಡೆಲ್ಬರ್ಟ್ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ. ಗೋಡೆಯ ಕಡೆ ನೋಡಲಿಲ್ಲ. ಮಗಳ ಕಡೆ ನೋಡಲಿಲ್ಲ. ಕಡ್ಡಿಯನ್ನು ಕೊಳವೆಗೆ ಇಳಿಸಿ, ಮೇಜಿಗೂ ಕಾರಿಗೂ ನಡುವಿನ ಅದೇ ಜಾಗಕ್ಕೆ ಹೋಗಿ ನಿಂತ.

"ಎಡಗಾಲು ಚೆನ್ನಾಗಿದೆಯಲ್ಲ," ಎಂದ. "ಎಡಗಾಲಲ್ಲಿ ತುಳಿ. ಎಷ್ಟೋ ಜನ ತುಳೀತಾರೆ. ಶೆಲ್ಬಿ ಗೋದಾಮಿಗೆ ಹೋಗಿ ಬಿಸಿ ಮಾಡ್ಕೊಂಡು ಬರಲಿ, ಆಮೇಲೆ ನೀನು ಕೂತ್ಕೋ. ನಾನು ಇಲ್ಲೇ ನಿಂತಿರ್ತೀನಿ. ರೋಂಡಾನೂ ನೋಡಲಿ. ಏನೂ ಆಗಲ್ಲ." ದನಿ ತಗ್ಗಿಸಿದ. "ಕೂತ್ಕೋ ವರ್ಲೀನ್. ನೀನು ಕೂರದೇ ಇದ್ರೆ ಕಾರು ಹೋಗತ್ತೆ. ಬುಧವಾರ ಓಪಲ್ ಕಾಯ್ತಾಳೆ."

ವರ್ಲೀನ್ ಜೇಬಿನಿಂದ ಕಾರಿನ ಕೀಲಿಕೈ ತೆಗೆದು, ಬರಿಗಾಲನ್ನು ಮೊಮ್ಮಗಳ ತೊಡೆಯ ಮೇಲಿಂದ ಇಳಿಸಿ, ಹಿಮ ಬಿದ್ದ ಸಿಮೆಂಟಿನ ಮೇಲೆ ನಾಲ್ಕು ಹೆಜ್ಜೆ ನಡೆದು ಅದನ್ನು ರೋಂಡಾಳ ಕೈಗೆ ಕೊಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನೀನು ಅಲ್ಲಿ ನಿಂತಿರುವಾಗ ನಾನು ಇಲ್ಲಿ ಕೂರಲ್ಲ," ಎಂದಳು. "ಎಡಗಾಲಲ್ಲೂ ಇಲ್ಲ, ಬಲಗಾಲಲ್ಲೂ ಇಲ್ಲ. ಕೂರಲ್ಲ ಡೆಲ್ಬರ್ಟ್."